ಸಂಜೆಯ ಗುಳಿಗೆ

ಪಸ್ತಾಪುರ
೧೭ ನವೆಂಬರ್ ೨೦೨೪

ಪ್ರೀತಿಯ ಸ್ವರೂಪಾ ಅಕ್ಕನಿಗೆ, ಧಮ್ಮಶೀಲಾಳ ಜೈ ಭೀಮ್.

ಅವ್ವ ಬಿದ್ದು ಇಷ್ಟು ದಿನವಾದರೂ ಪೂರ್ತಿ ಸಂಗತಿ ತಿಳಿಸಲಿಲ್ಲವೆಂದು ಮುನಿಸಿಕೊಂಡಿರಬೇಕು. ತಪ್ಪು ತಿಳಿಯಬೇಡ. ಫೋನ್ ಹಿಡಿದರೆ ಅವ್ವ ಪಕ್ಕದಲ್ಲೇ ಮಲಗಿರುತ್ತಾಳೆ, ಹೇಗೆ ಹೇಳಲಿ? ಕಾಲಿನ ಪ್ಲಾಸ್ಟರ್ ಇನ್ನೂ ಬಿಚ್ಚಿಲ್ಲ. ತಾಂಡೂರಿನಲ್ಲಿ ನೀವೆಲ್ಲ ಸೌಖ್ಯವೆಂದು ನಂಬಿದ್ದೇನೆ.

ನನ್ನ ಕೆಲಸ ನಿನಗೆ ಗೊತ್ತೇ ಇದೆ. ಬಿಪಿ, ಸಕ್ಕರೆ ರೋಗದವರು ಗುಳಿಗೆ ಸರಿಯಾಗಿ ನುಂಗುತ್ತಾರೋ ಇಲ್ಲವೋ ಎಂದು ಮನೆ ಮನೆ ತಿರುಗಿ ನೋಡಿ ಬರೆದುಕೊಳ್ಳಬೇಕು. "ಬಾಯಿಮಾತು ನಂಬಬ್ಯಾಡ್ರಿ, ಖಾಲಿ ಸ್ಟ್ರಿಪ್ ಫೋಟೋ ಹೊಡ್ಕೊಂಡು ಬರ್ರಿ" ಎಂದು ನಮ್ಮ ಮೇಲಿನ ದತ್ತು ಸಾಹೇಬರ ಅಪ್ಪಣೆ. ಸ್ಟ್ರಿಪ್ ಖಾಲಿಯಾದರೆ ಗುಳಿಗೆ ಹೊಟ್ಟೆಗೆ ಹೋಯಿತೆಂದು ಲೆಕ್ಕ. ಯಾರ ಹೊಟ್ಟೆಗೆ ಎಂದು ಕೇಳುವವರೇ ಇಲ್ಲ ಅಕ್ಕಾ!

ಅವ್ವನ ಸ್ಟ್ರಿಪ್‌ನಲ್ಲಿ ಒಮ್ಮೆಯೂ ಗುಳಿಗೆ ಉಳಿದದ್ದಿಲ್ಲ. ಆದರೂ ಬಿಪಿ ಇಳಿಯಲೊಲ್ಲದು. ಡಾಕ್ಟರು ನಾನು ಹೊಡೆದ ಸ್ಟ್ರಿಪ್ ಫೋಟೋ ನೋಡಿ, ಗುಳಿಗೆ ಸಾಲದೆಂದು ಜೋರಿನದು ಬರೆದರು. ಆಮೇಲೆ ಇನ್ನೂ ಜೋರಿನದು. ಈಗ ಗೊತ್ತಾಗಿದೆ: ಬೆಳಗಿನದು ಅವ್ವನಿಗೆ, ಸಂಜೆಯದು ಆಚೆ ಓಣಿಯ ಕುರಿ ಭೀಮಶಾನ ಹೆಂಡತಿ ಗುಂಡಮ್ಮನಿಗೆ! ಕುರಿ ದೊಡ್ಡಿಗೆ ಸೇರಿಸಿ ಬರುವಳು, ನಾನು ಬಸ್ಸಿಳಿದು ಮನೆ ಸೇರುವುದರೊಳಗೆ ಹೋಗಿರುವಳು. ಆಕೆಗೂ ಬಿಪಿ ಇದೆ, ಆದರೆ ಕುರಿ ಬಿಟ್ಟು ದವಾಖಾನೆಯಲ್ಲಿ ನಿಲ್ಲಲು ಪುರುಸೊತ್ತಿಲ್ಲವಂತೆ.

ಕಳೆದ ತಿಂಗಳು ಗುಂಡಮ್ಮ ಗಂಡನ ಜೊತೆ ಕುರಿ ಹೊಡೆದುಕೊಂಡು ನಾರಾಯಣಖೇಡದ ಕಡೆ ಹೋದಳು. ಅವ್ವ ಎರಡನ್ನೂ ತಾನೇ ನುಂಗಿದಳು. ಬಿಪಿ ದಿಢೀರನೆ ಇಳಿದು ಅಂಗಳದಲ್ಲಿ ಬಿದ್ದು ಕಾಲು ಮುರಿದುಕೊಂಡಳು. ತಲೆ ಕಲ್ಲಿಗೆ ಬಡಿದಿದ್ದರೆ ಇವತ್ತು ನಮಗೆ ಅವ್ವ ಇರುತ್ತಿರಲಿಲ್ಲ.

"ಒಂದು ಉಳಸಿ ಇಡಬಾರದೇನವ್ವಾ?" ಎಂದು ಚೀರಿದೆ.

"ಉಳದ್ರ ನಿನ್ನ ಫೋಟೋ ಕೆಡ್ತಿತ್ತಲ್ಲ. ನಿಮ್ಮ ಸಾಹೇಬ ನಿನಗ ಬೈತಿದ್ದ."

"ಗುಳಿಗಿ ಯಾರರೆ ಹಂಚತಾರೇನು?"

"ನಮ್ಮ ಹೆಣ್ಮಕ್ಕಳ ಸಂಘದಾಗ ಬೀಜ ಕೇಳಿದಾಕಿಗಿ ಇಲ್ಲ ಅಂದೀವೇನು? ಹೋದ ವರ್ಷ ನವಣಿ ಬೀಜ ಆಕಿನೇ ಕೊಟ್ಟಾಳ."

ಬೀಜವೂ ಬಿಪಿ ಗುಳಿಗೆಯೂ ಒಂದೇ! ನನ್ನ ತಲೆ ಚಚ್ಚಿಕೊಳ್ಳಲೋ ಗೋಡೆ ಚಚ್ಚಲೋ, ನೀನೇ ಹೇಳು. ದತ್ತು ಸಾಹೇಬರಿಗೆ ತಿಳಿಸಿದರೆ, "ನಿಮ್ಮವ್ವನ ರಿಕಾರ್ಡ್ ಇಡೀ ಮಂಡಲದಾಗ ಛಲೋ ಅದರಿ, ಯಾಕ ಕೆಡಸ್ತೀರಿ?" ಎಂದರು. ಬಾಯಿಗೆ ಬಂದದ್ದು ಅಂದು ಬಂದೆ.

ಗುಂಡಮ್ಮ ಮರಳಿದ ಮೇಲೆ ನಾನೇ ಜಹೀರಾಬಾದಿನ ದವಾಖಾನೆಗೆ ಕರೆದೊಯ್ದು, ಆಕೆಯ ಹೆಸರಿನಲ್ಲೇ ಗುಳಿಗೆ ಕೊಡಿಸಿದೆ. ಅವ್ವನಿಗೆ ಮತ್ತೆ ಮೊದಲಿನ ಸಣ್ಣ ಗುಳಿಗೆ. ಈಗ ಇಬ್ಬರ ಬಿಪಿಯೂ ಹತೋಟಿಯಲ್ಲಿದೆ, ಆ ಚಿಂತೆ ಬಿಡು.

ಭಾವನವರಿಗೆ ಜೈ ಭೀಮ್, ಮಕ್ಕಳಿಗೆ ಚಿಕ್ಕವ್ವನ ಮುತ್ತು. ಬುದ್ಧನ ಕರುಣೆ ನಿಮ್ಮ ಮನೆಯ ಮೇಲಿರಲಿ.

ನಿನ್ನ ತಂಗಿ,
ಧಮ್ಮಶೀಲಾ

ತಾ.ಕ.: ಅವ್ವ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಕಾಲು ಮುರಿದದ್ದಕ್ಕಲ್ಲ. ಗುಂಡಮ್ಮ ಬೀಜ ಕೊಟ್ಟು ತೆಗೆದುಕೊಂಡರೂ ನಮ್ಮ ಜನದ ಮನೆಯ ನೀರು ಮುಟ್ಟಿದವಳಲ್ಲ, ನೀನೂ ಬಲ್ಲೆ. ಆ ಗುಳಿಗೆ ನುಂಗಲು ದಿನಾ ಸಂಜೆ ನಮ್ಮ ಕೊಡದ ನೀರು ಕುಡಿಯುತ್ತಿದ್ದಳಂತೆ, ಅವ್ವನ ಕೈಯಿಂದ. ಈಗ ತನ್ನ ಗುಳಿಗೆ ತನ್ನ ಮನೆಯಲ್ಲೇ ನುಂಗುತ್ತಾಳೆ, ಇತ್ತ ಬರುವುದಿಲ್ಲ. ಸಂಜೆಯಾದರೆ ಅವ್ವ ತಂಬಿಗೆ ತುಂಬಿಸಿಡು ಎಂದು ಕೈಸನ್ನೆ ಮಾಡುತ್ತಾಳೆ. ತುಂಬಿಸಿಡುತ್ತೇನೆ. ಬೆಳಿಗ್ಗೆ ಆ ನೀರನ್ನು ನಾನೇ ಗಿಡಕ್ಕೆ ಚೆಲ್ಲುತ್ತೇನೆ.