ಕೋರೆಹಲ್ಲಿನವರು ಬಬಲೇಶ್ವರಕ್ಕೆ, ಹಾಲುಹಲ್ಲಿನವರು ತಿಕೋಟಾಕ್ಕೆ

ಸುಗುಣಾ ಅತ್ತೀ,

ಹಾಲುಹಲ್ಲಿನ ಗುಂಪಿನ ಅತಿ ಎತ್ತರದ ಸದಸ್ಯೆ, ನಿನ್ನ ತಮ್ಮನ ಮಗಳು ಕರುಣಾ ಮಾಡುವ ವಂದನೆಗಳು. ನೀನಿರುವಲ್ಲಿ ಬೇಸಿಗೆ ರಜೆ ಇದೆಯೋ ಇಲ್ಲವೋ ಗೊತ್ತಿಲ್ಲ. ಇದ್ದರೆ ಇಷ್ಟೊತ್ತಿಗೆ ಅಲ್ಲಿಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ಬಾಯಿ ತೆಗೆಸಿರುತ್ತೀ ಎಂಬುದರಲ್ಲಿ ನನಗೆ ಸಂಶಯವಿಲ್ಲ. ದೇವದೂತರಿಗೆ ಹಲ್ಲು ಇರುತ್ತವೆಯೇ? ಇಲ್ಲದಿದ್ದರೆ ಅವರನ್ನು ಯಾವ ಗುಂಪಿಗೆ ಹಾಕಿದೆ?

ಎಪ್ಪತ್ತರ ದಶಕದ ಆ ಮೇ ತಿಂಗಳು ನೆನಪಿದೆಯಲ್ಲ? ನಮ್ಮೂರು ಆಗಿನ್ನೂ ಬಿಜಾಪುರ. ಸಾಲೆಗೆ ರಜೆ ಬಿಟ್ಟರೆ ಉಳಿದ ಟೀಚರುಗಳು ಮಧ್ಯಾಹ್ನ ಮಲಗುತ್ತಿದ್ದರು. ನೀನು ಮಾತ್ರ ಚರ್ಚಿನ ಸಭೆಯ ಮಕ್ಕಳಿಗೆ ಶಿಬಿರ ಹೂಡುತ್ತಿದ್ದೆ. ಸಣ್ಣವರು ತಿಕೋಟಾದಲ್ಲಿ, ನಡುವಿನವರು ಬಬಲೇಶ್ವರದಲ್ಲಿ, ಮೀಸೆ ಚಿಗುರಿದವರೂ ಕನ್ನಡಿ ಬಿಟ್ಟು ಏಳದವರೂ ನಗರದ ಚರ್ಚಿನ ಅಂಗಳದಲ್ಲಿ. ತೊಂದರೆ ಒಂದೇ, ಯಾರ ವಯಸ್ಸು ಎಷ್ಟೆಂದು ಯಾರಿಗೂ ಗೊತ್ತಿರಲಿಲ್ಲ. ಹೆಸರು ಹಚ್ಚುವಾಗ ಹೆಡ್ ಮಾಸ್ತರರು ಎಲ್ಲರ ಹುಟ್ಟಿದ ದಿನವನ್ನೂ ಜೂನ್ ಒಂದು ಎಂದು ಬರೆದುಬಿಡುತ್ತಿದ್ದರು. ಸರಕಾರದ ಲೆಕ್ಕದಲ್ಲಿ ನಮ್ಮ ಜಿಲ್ಲೆಯ ತಾಯಂದಿರೆಲ್ಲ ಒಂದೇ ದಿನ ಹೆತ್ತು, ವರ್ಷದ ಉಳಿದ ದಿನಗಳನ್ನು ಆರಾಮಾಗಿ ಕಳೆದವರು.

ನೀನು ಮೊದಲ ಸಲ ಒಬ್ಬ ಹುಡುಗನ ಗದ್ದ ಹಿಡಿದು ಬಾಯಿ ತೆಗೆಸಿದಾಗ ನಗರದ ತಂದೆತಾಯಿಗಳ ಮುಖ ನೋಡಬೇಕಿತ್ತು. ಮಮದಾಪುರದಲ್ಲಿ ಅಜ್ಜನ ದನಗಳ ನಡುವೆ ಬೆಳೆದವಳು ನೀನು. ಎತ್ತಿನ ವಯಸ್ಸು ಕೇಳಲು ಯಾರೂ ಎತ್ತಿನ ಹೆಡ್ ಮಾಸ್ತರರ ಬಳಿ ಹೋಗುವುದಿಲ್ಲ, ಹಲ್ಲು ನೋಡುತ್ತಾರೆಂಬುದು ನಿನ್ನ ವಾದ. ಹೊಸ ಕೋರೆಹಲ್ಲು ಮೂಡದವರು ಸಣ್ಣವರು, ಮೂಡಿದವರು ನಡುವಿನವರು, ದವಡೆ ತುಂಬಿದವರು ದೊಡ್ಡವರು. ನಗರದವರು ಮೂಗು ಮುರಿದರು. ಬಬಲೇಶ್ವರದಿಂದ ಮಗಳನ್ನು ಕರೆತಂದ ರೈತನಿಗೆ ಮಾತ್ರ ಇಷ್ಟು ಸರಳವಾದ ಕಾನೂನು ತನ್ನ ಜನ್ಮದಲ್ಲಿ ಸಿಕ್ಕಿರಲಿಲ್ಲ. "ನಮ್ಮಕೀದು ಕೋರಿ ಇನ್ನ ಅಲಗಾಡಾಕತ್ತೈತ್ರಿ ಅಕ್ಕೋರ, ಒಂದ್ ಎಂಟ್ ದಿನ ತಡೀತೀರೇನ್ರಿ?" ಎಂದು ಅವನು ಕೈಮುಗಿದು ಕೇಳಿದ್ದು...

ನಮ್ಮ ಸರದಿ ಬಂದ ಹೊತ್ತನ್ನು ನಾನು ಹೇಗೆ ಮರೆಯಲಿ? ಕೃಪಾ ಮತ್ತು ನಾನು ಅವಳಿಗಳು. ದೇವರು ಇಬ್ಬರಿಗೂ ಒಂದೊಂದು ಬಾಯಿ ಕೊಟ್ಟಿದ್ದರೂ ಎರಡನ್ನೂ ನಡೆಸುವ ಜವಾಬ್ದಾರಿಯನ್ನು ನಾನೇ ಹೊತ್ತಿದ್ದೆ. ಮನೆಯ ಹೊಸ್ತಿಲು ದಾಟಿದರೆ ಕೃಪಾ ಮಾತಾಡುತ್ತಿರಲಿಲ್ಲ. ಯಾರಾದರೂ ಹೆಸರು ಕೇಳಿದರೆ ನನ್ನ ಮುಖ ನೋಡುತ್ತಿದ್ದಳು. ನಾನು ಎರಡೂ ಹೆಸರು ಹೇಳಿ ಮುಗಿಸುತ್ತಿದ್ದೆ. ಅಂಥ ನಮ್ಮಿಬ್ಬರ ಬಾಯಲ್ಲಿ ಇಣುಕಿ ನೀನು ತೀರ್ಪು ಕೊಟ್ಟೆ. ಕೃಪಾಳ ಕೋರೆ ಮೂಡಿದೆ, ಬಬಲೇಶ್ವರ. ಕರುಣಾಳದು ಹಾಲುಹಲ್ಲು, ತಿಕೋಟಾ.

"ಅಕ್ಕಾರ, ಇಬ್ಬರನ್ನೂ ಒಂದ ತಾಸಿನ್ಯಾಗ ಹಡದೇನ್ರಿ ನಾ," ಎಂದಳು ಅವ್ವ.

"ನೀ ಹಡದದ್ದು ಖರೇ, ಶಾಂತಾ. ಹಲ್ಲು ಬ್ಯಾರೆ ಹೇಳತೈತಿ. ನಮ್ಮ ಮನಿ ಹುಡುಗರಿಗೊಂದು ಕಾನೂನು, ಮಂದಿ ಹುಡುಗರಿಗೊಂದು ಮಾಡಿದ್ರ ಆ ರೈತಗ ನಾ ಹ್ಯಾಂಗ ಮಾರಿ ತೋರಸ್ಲಿ?"

ಅವ್ವನ ಅಂಜಿಕೆ ಬೇರೆ ಇತ್ತು. ಗುಂಪಿಗೆ ಹೊಸದಾಗಿ ಸೇರಿದವರೇ ಕೊನೆಯ ದಿನ ಚರ್ಚಿನಲ್ಲಿ, ಎಲ್ಲ ಗುಂಪುಗಳ ಎದುರು, ಬೈಬಲಿನ ಕೀರ್ತನೆಯೊಂದನ್ನು ಬಾಯಿಪಾಠ ಒಪ್ಪಿಸಬೇಕೆಂಬುದು ನಿನ್ನ ಶಿಬಿರದ ಪದ್ಧತಿ. ಬಬಲೇಶ್ವರದಲ್ಲಿ ಆ ವರ್ಷ ಎಲ್ಲರಿಗಿಂತ ಹೊಸ ಹಲ್ಲು ಕೃಪಾಳದೇ. ಅವಳು ಸಭೆಯ ಮುಂದೆ ಮೂಕಿಯಂತೆ ನಿಂತರೆ ಜನ ಏನೆಂದಾರು? ಅವ್ವ ದನಿ ತಗ್ಗಿಸಿ, "ಅಕಿ ಅಲ್ಲಿ ನೀರೂ ಕೇಳಂಗಿಲ್ಲರಿ," ಅಂದಳು. ನೀನು ಪಟ್ಟಿಯಲ್ಲಿ ಕೃಪಾಳ ಹೆಸರು ಬರೆದು ಮುಗಿಸಿದೆ. ಆಮೇಲೆ, "ಕೇಳದಿದ್ರ ತಾನ ತಗೊಂಡು ಕುಡೀತಾಳ," ಅಂದೆ.

ತಿಕೋಟಾದ ಸಾಲೆಯ ಪಡಸಾಲೆಯಲ್ಲಿ ಮೊದಲ ಊಟಕ್ಕೆ ಕೂತಾಗಲೇ ನನ್ನ ರಾಜ್ಯ ಬಿದ್ದುಹೋಯಿತು. "ನಮಗ ಇನ್ನೊಂದೊಂದು ರೊಟ್ಟಿ ಹಾಕ್ರಿ" ಎಂದು ಕೇಳಿದೆ. ಪಕ್ಕದಲ್ಲಿದ್ದ ಬೊಚ್ಚುಬಾಯಿಯ ಸಣ್ಣ ಹುಡುಗಿ ನನ್ನ ಆಚೆ ಈಚೆ ನೋಡಿ, "ನಮಗ ಅಂದ್ರ ಯಾರ್‍ಯಾರಿಗೆ ಬೇ?" ಎಂದಳು. ನಾನು ಶೇಂಗಾ ಚಟ್ನಿಗೆ ಕಣ್ಣೀರು ಬೆರೆಸಿ ಉಂಡೆ. ಖಾರ ಹತ್ತಿತೆಂದು ಎಲ್ಲರೂ ಮಜ್ಜಿಗೆ ಕೊಟ್ಟರು. ಬೇವಿನ ನೆರಳಲ್ಲಿ ಹಾಡಿದ್ದು, ಬಟ್ಟೆಯ ಹಲಗೆಗೆ ಚಿತ್ರ ಅಂಟಿಸಿ ನೀನು ಕಥೆ ಹೇಳಿದ್ದು, ಲಗೋರಿಯಲ್ಲಿ ನನಗಿಂತ ಗೇಣು ಕುಳ್ಳರೆಲ್ಲ ನನ್ನನ್ನು ಸೋಲಿಸಿದ್ದು, ಎಲ್ಲವೂ ಚೆನ್ನಾಗಿಯೇ ಇತ್ತು ಅನ್ನು. ಆದರೆ ಯಾರಾದರೂ ಹೆಸರು ಕೇಳಿದರೆ ಒಂದೇ ಹೆಸರು ಹೇಳಿ ನಿಲ್ಲುವುದು ಎಷ್ಟು ಕಷ್ಟವೆಂದು ನಿನಗೆ...

ಎರಡೂ ಊರುಗಳ ನಡುವೆ ಬಸ್ಸು ಬದಲಿಸಿ ಬದಲಿಸಿ ಧೂಳು ತುಂಬಿಕೊಂಡು ನೀನು ಇಳಿಯುವುದನ್ನೇ ಕಾಯುತ್ತಿದ್ದೆ. ಕೃಪಾ ಮಾತಾಡಿದಳೇ ಎಂದು ಕೇಳಿದರೆ ನೀನು ಉಂಡಾಳ ಅನ್ನುತ್ತಿದ್ದೆ. ಕೀರ್ತನೆ ಬರುತ್ತದೆಯೇ ಎಂದರೆ ಮಲಗ್ಯಾಳ ಅನ್ನುತ್ತಿದ್ದೆ. ವಕೀಲಿ ಓದದೆ ನೀನು ಟೀಚರಾದದ್ದು ಈ ಜಿಲ್ಲೆಯ ಕೋರ್ಟಿಗೆ ತುಂಬಲಾರದ ನಷ್ಟ. ನಾನೇನು ಮಾಡಲಿ? ಅವಳ ಕೀರ್ತನೆಯನ್ನು ನಾನೇ ಬಾಯಿಪಾಠ ಮಾಡಿ ಇಟ್ಟುಕೊಂಡೆ. ಬೇಕಾದೀತು.

ಕೊನೆಯ ದಿನ ಚರ್ಚು ತುಂಬಿತ್ತು. ಸಣ್ಣವರ ಸಾಲಿನಲ್ಲಿ ನಾನು, ಹಿಂದೆ ಸೆರಗು ಹಿಂಡುತ್ತ ಅವ್ವ, ಹಾರ್ಮೋನಿಯಂ ಮುಂದೆ ನೀನು. ಕೃಪಾ ಎದ್ದು ಹೋಗಿ ನಿಂತಳು. ಬಾಯಿ ತೆಗೆದಳು, ಮೊದಲ ಸಾಲು ಬಂತು. ಅಷ್ಟು ಸಣ್ಣ ದನಿ, ಆದರೂ ಅವಳದೇ. ಎರಡನೆಯ ಸಾಲಿಗೆ ನಿಂತುಬಿಟ್ಟಳು. ನನ್ನ ಕೈಯಲ್ಲಿ ತಡೆಯುವುದಾಗಲಿಲ್ಲ, ಎದ್ದು ನಿಂತು ಮುಂದಿನ ಮಾತು ಶುರುಮಾಡಿದೆ. ಆಗ ಅವಳು ನನ್ನತ್ತ ತಿರುಗಿದಳು.

"ಕರುಣಾ, ನೀ ಕುಂದ್ರ. ನನಗ ಬರತೈತಿ."

ಚರ್ಚಿನ ಕೊನೆಯ ಬೆಂಚಿನವರೆಗೂ ಕೇಳಿಸಿತು. ನಾನು ಕೂತೆ. ಅವಳು ಮತ್ತೆ ಮೊದಲಿನಿಂದ ತೆಗೆದು ಕಡೆಯವರೆಗೂ ಹೇಳಿದಳು. ನಿನ್ನ ಮೊಣಕೈ ಹಾರ್ಮೋನಿಯಂ ಮೇಲೆ ಬಿದ್ದು ಅದು ಎಮ್ಮೆಯಂತೆ ಒದರಿತು. ಜನ ನಕ್ಕರು, ಅವ್ವ ನಗುತ್ತಲೇ ಕಣ್ಣೊರೆಸಿಕೊಂಡಳು. ನಿಜ ಹೇಳು, ಅತ್ತೀ. ಕಾನೂನು ಕಾನೂನು ಎಂದು ನೀನು ನೋಡಿದ್ದು ಹಲ್ಲನ್ನೋ, ಇಲ್ಲಾ...? ಬಿಡು, ಆಗಲೂ ನೀನು ಹೇಳಲಿಲ್ಲ.

ನೀನು ಹೋದ ಮೇಲಿನ ಸುದ್ದಿ ಒಂದಿದೆ. ಹೋದ ತಿಂಗಳು ನನ್ನ ಗಂಟಲಲ್ಲಿ ಸಣ್ಣ ಗಂಟು ಕಂಡು ತೆಗೆಸಬೇಕಾಯಿತು. ಗಾಬರಿಯಾಗಬೇಡ, ಅದೇನೂ ಕೆಟ್ಟದ್ದಲ್ಲವಂತೆ. ಆದರೆ ಗಾಯ ಮಾಗುವವರೆಗೆ ಒಂದಕ್ಷರ ಮಾತಾಡಕೂಡದು ಎಂದರು ಡಾಕ್ಟರು. ಅದನ್ನು ಕೇಳಿ ನಮ್ಮ ಮನೆಯವರು ದುಃಖದ ಮುಖ ಮಾಡಲು ಪಟ್ಟ ಕಷ್ಟ ದೇವರಿಗೇ ಗೊತ್ತು. ತೊರವಿಯಿಂದ ಕೃಪಾ ಗಂಟುಮೂಟೆ ಸಮೇತ ಬಂದಿಳಿದಳು. ಅಂದಿನಿಂದ ನನ್ನ ಪರವಾಗಿ ಮಾತೆಲ್ಲ ಅವಳದೇ. ನೋಡಲು ಬಂದವರು ಕರದಂಟು ತಂದರೆ, "ಅಕಿಗೆ ಸಿಹಿ ಸೇರಂಗಿಲ್ಲರಿ" ಎಂದು ಹೇಳಿ ತಾನೇ ತಿನ್ನುತ್ತಾಳೆ. ನನಗೆ ಸಿಹಿ ಸೇರುವುದಿಲ್ಲವೆಂದು ನನಗೇ ಗೊತ್ತಿರಲಿಲ್ಲ.

ಈಗ ಹೊರಗಿನ ಕೋಣೆಯಲ್ಲಿ ಕೂತು ಯಾರಿಗೋ ನಿನ್ನ ಶಿಬಿರದ ಕಥೆ ಹೇಳುತ್ತಿದ್ದಾಳೆ. ಬಸ್ಸು ತಪ್ಪು, ಬೇವಿನ ಮರ ಇರುವ ಊರು ತಪ್ಪು, ನಿನ್ನ ಸೀರೆಯ ಬಣ್ಣವಂತೂ ಪೂರಾ ಸುಳ್ಳು. ತಿದ್ದಬೇಕೆಂದು ನಾಲಿಗೆ ತುರಿಸುತ್ತದೆ. ಆದರೆ ಎಷ್ಟು ಚೆಂದ ಹೇಳುತ್ತಾಳೆಂದರೆ, ಕೇಳುವವರು ಚಹಾ ಆರಿದ್ದನ್ನೂ ನೋಡುತ್ತಿಲ್ಲ. ಇನ್ನು ಮಾತಾಡಬಹುದು ಎಂದು ಡಾಕ್ಟರು ಹೇಳಿ ಆಗಲೇ ವಾರವಾಯಿತು, ಅತ್ತೀ. ಆ ಹೊತ್ತಿಗೆ ಕೃಪಾ ಗಾಂಧಿ ಚೌಕದಲ್ಲಿ ತರಕಾರಿ ಕೊಳ್ಳುತ್ತಿದ್ದಳು. ನಾನು ಅವಳಿಗೆ ಇನ್ನೂ ತಿಳಿಸಿಲ್ಲ.

ನಿನ್ನ ಸೊಸೆ,
ಕರುಣಾ