ಸೂಜಿ ಹಿಡಿದ ಹಗ್ಗ

ಮೇ 3, ಭಾನುವಾರ, ಬೆಳಿಗ್ಗೆ 6

ಯಾರದು ನನ್ನ ಡೈರಿ ತೆರೆದದ್ದು? ನಾಚಿಕೆಯಾಗುವುದಿಲ್ಲವೇ? ಹಿಂದಿನ ಪುಟದ ಮೇಲೆ ಬಿಳಿ ಪುಡಿಯ ಬೆರಳಚ್ಚು. ಬಂಡೆ ಹತ್ತುವಾಗ ಕೈಗೆ ಬಳಿದುಕೊಳ್ಳುವ ಪುಡಿ. ಮೊಮ್ಮಗಳೇ, ಕಳ್ಳಿ ನೀನೇ. ಹಳ್ಳಿ ಶಾಲೆಯಲ್ಲಿ ಮೂರು ಕ್ಲಾಸು ಓದಿದವಳ ಬರವಣಿಗೆ ನೋಡಿ ನಗುವುದಾದರೆ ಎದುರಿಗೆ ಬಂದು ನಗು. ಮುಚ್ಚು ಪುಸ್ತಕ.

ಮೊಣಕಾಲಿಗೆ ಎಣ್ಣೆ ಹಚ್ಚಿ ಆಯಿತು. ಇವತ್ತೂ ಕಟಕಟ. ಹುಡುಗಿ ಬೂಟು, ಹಗ್ಗ ಎಲ್ಲ ಬ್ಯಾಗಿಗೆ ತುರುಕುತ್ತಿದ್ದಾಳೆ. ನಿನ್ನೆ ಮಡಕೆ ಮಾಡುವ ಕ್ಲಾಸು, ಇವತ್ತು ಬಂಡೆ. ಗೆಳತಿಯರೆಲ್ಲ ಸೇರಿ ವಾರಕ್ಕೊಂದು ಹೊಸ ಹುಚ್ಚು. "ನಿಮ್ ಕಾಲದಲ್ಲಿ ವೀಕೆಂಡ್ ಎಲ್ಲಿತ್ತಜ್ಜಿ?" ಅಂದಳು. ಎಲ್ಲಿತ್ತಂತೆ! ಇಲ್ಲೇ ಬರೆದಿಡುತ್ತೇನೆ.

ಅದೇ ದಿನ, ಮಧ್ಯಾಹ್ನ

ಆಗ ನಾವು ಮೂವರು ಗೆಳತಿಯರು. ನಾನು ಆಸ್ಪತ್ರೆಯ ಲಾಂಡ್ರಿಯಲ್ಲಿ, ನರ್ಸಕ್ಕ ಹೆರಿಗೆ ವಾರ್ಡಿನಲ್ಲಿ, ಇನ್ನೊಬ್ಬಳು ಹೊಲಿಗೆ ಕೋಣೆಯಲ್ಲಿ. ಅವಳು ಸೂಜಿ, ನಾನು ಕತ್ತರಿ — ಹೆಸರಿಟ್ಟದ್ದು ನರ್ಸಕ್ಕ. ಭಾನುವಾರ ಸರದಿಯಂತೆ ಒಬ್ಬೊಬ್ಬಳು ಒಂದು ಹೊಸದು ಹೇಳಬೇಕು. ಬೇಡ ಅನ್ನುವ ಹಾಗಿಲ್ಲ. ಸೈಕಲ್ ಕಲಿತೆವು. ಈಜು ಕಲಿತೆವು. ಹಾರ್ಮೋನಿಯಂ ಒಂದೇ ವಾರ... ಪಕ್ಕದ ಮನೆಯವರು ಬಂದು ಕೈಮುಗಿದರು.

ಕಲ್ಲುಕ್ವಾರಿ ಹಿಂದಿನ ಬಂಡೆ ಸೂಜಿಯ ಸರದಿಗೆ ಬಂದದ್ದು. ಗಂಡಂದಿರ ಪ್ಯಾಂಟು ಹಾಕಿಕೊಂಡು, ಲಾಂಡ್ರಿಯ ಹಗ್ಗ ಸೊಂಟಕ್ಕೆ ಕಟ್ಟಿಕೊಂಡು ಹತ್ತಿದೆವು. ಆಮೇಲೆ ಬಿಡಲಾಗಲಿಲ್ಲ, ಒಂದು ವರ್ಷ ಅದೇ. ತುದಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಆಸ್ಪತ್ರೆ ಬೆಂಕಿಪೊಟ್ಟಣದಷ್ಟು. ಅಷ್ಟು ನಕ್ಕದ್ದು ಆಮೇಲೆ ಯಾವಾಗ?

ಒಂದು ಭಾನುವಾರ ನಾನು ಹತ್ತುತ್ತಿದ್ದಾಗ ಸೂಜಿ ಮೇಲಿಂದ ಹಗ್ಗ ಕೈಬಿಟ್ಟಳು. ನನ್ನ ಮೊಣಕಾಲು ಚೂರಾಯಿತು. "ನೀನೇ ಹೇಳ್ದೆಯಲ್ಲೇ" ಅಂತ ಅತ್ತಳು. ಸುಳ್ಳಿ ಅಂದೆ. ಮೂವತ್ತೆಂಟು ವರ್ಷ ಮಾತಿಲ್ಲ.

ಮೇ 10, ಭಾನುವಾರ, ಸಂಜೆ

ಹುಡುಗಿಯ ಜೊತೆ ಬಂಡೆಗೆ ಹೋಗಿದ್ದೆ. ಒಬ್ಬ ಗೆಳತಿ ಕೈಕೊಟ್ಟಳಂತೆ, ಕೆಳಗೆ ಹಗ್ಗ ಹಿಡಿಯಲು ಜನ ಸಾಲದು. ಅವರ ಕೋಚ್ ನನ್ನ ಹಿಂದೆ ತಾನೂ ತುದಿ ಹಿಡಿದು ನಿಂತ.

"ಬಿಗಿ ಅಂದ್ರೆ ಎಳೀರಿ. ಸಡಿಲ ಅಂದ್ರೆ ಸ್ವಲ್ಪ ಕೊಡಿ. ಅಷ್ಟೇ ಅಜ್ಜಿ."

"ಮೂವತ್ತು ವರ್ಷ ಬೆಡ್‌ಶೀಟ್ ಹಿಂಡಿದ ಕೈ ಕಣಪ್ಪಾ. ನಂಗೆ ಕಲಿಸ್ಬೇಡ."

ಹುಡುಗಿ ಅರ್ಧ ಏರಿದಳು. ಕಾಲು ತಡಕಾಡುತ್ತಿತ್ತು.

"ಬಲಗಡೆ ಇಡೇ! ಬಲಗಡೆ!"

"ಬಿಡಜ್ಜೀ, ನಂಗೊತ್ತು!"

ಬಿಟ್ಟೆ. ಎರಡೂ ಕೈ. ಒಂದು ಮೊಳ ಜಾರಿ ನಿಂತಳು — ಕೋಚ್ ಹಿಡಿದಿದ್ದ.

"ಅಜ್ಜೀ! ಯಾಕ್ ಬಿಟ್ಟೆ?"

"ನೀನೇ ಬಿಡು ಅಂದೆಯಲ್ಲೇ!"

ಕೋಚ್ ನಕ್ಕ. "ಹಗ್ಗ ಅಲ್ಲ ಅಜ್ಜಿ, ಕೂಗೋದು ಬಿಡಿ ಅಂದಿದ್ದು."

ಎಲ್ಲರೂ ನಕ್ಕರು. ನಾನು ಹಗ್ಗ ಕೋಚ್ ಕೈಗೆ ಕೊಟ್ಟು ಪಕ್ಕಕ್ಕೆ ಕೂತೆ. ಅಂದು ಸೂಜಿ ಮೇಲಿಂದ ಕೇಳಿದ್ದಳು, "ಎಳೀಲೇನೇ?" ನಾನು ಜಂಬದಿಂದ... "ಬಿಡೇ, ನಾನೇ ಬರ್ತೀನಿ." ಅಂದಿದ್ದೆ. ಹೌದು, ಅಂದಿದ್ದೆ.

ಮೇ 19, ಮಂಗಳವಾರ

ಒಂಬತ್ತು ದಿನ ಬರೆಯಲಾಗಲಿಲ್ಲ. ನರ್ಸಕ್ಕ ತೀರಿಕೊಂಡು ನಾಲ್ಕು ವರ್ಷ. ಇದ್ದಿದ್ದರೆ ಇಬ್ಬರನ್ನೂ ಕೂರಿಸಿ ಬಯ್ಯುತ್ತಿದ್ದಳು. ಅವಳ ಮಗನಿಗೆ ಫೋನ್ ಮಾಡಿಸಿದೆ. ಸೂಜಿ ಇದ್ದಾಳೆ! ಕಣ್ಣು ಮಂಜು, ಆದರೂ ಹೊಲಿಯುತ್ತಾಳಂತೆ. ಜೂನ್ ಒಂದಕ್ಕೆ ಮನೆ ಖಾಲಿ ಮಾಡಿ ಮಗಳ ಊರಿಗೆ ಹೊರಟಿದ್ದಾಳೆ. ಈಗಿನ ವಿಳಾಸ ಕೊಟ್ಟ, ಅಲ್ಲಿಯದು ಅವನಿಗೂ ಗೊತ್ತಿಲ್ಲ.

ಕಾಗದ ಹಾಕಬೇಕು. ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಸೂಜೀ, ನೀನು ಸುಳ್ಳು ಹೇಳಿರಲಿಲ್ಲ. ನಾನು ಹೇಳಿದ್ದನ್ನೇ ನೀನು ಮಾಡಿದೆ. ಆಸ್ಪತ್ರೆ ತುಂಬ ನಿನ್ನ ಹೆಸರು ಕೆಡಿಸಿದವಳು ನಾನು. ಕ್ಷಮಿಸು. ಈ 'ಕ್ಷ' ಮೊಮ್ಮಗಳನ್ನು ಕೇಳಿ ಬರೆದೆ, ಇಷ್ಟು ವರ್ಷ ಅದು ನನಗೆ ಬೇಕಾಗಿರಲಿಲ್ಲ. ಬಯ್ಯುವುದಿದ್ದರೆ ಬಯ್ಯು, ಆದರೆ ನಿನ್ನ ಕೈಯಾರೆ ಬರೆ. ಅಕ್ಷರ ಸೊಟ್ಟಗಾದರೂ ಓದಿಕೊಳ್ಳುತ್ತೇನೆ. ಮುಂದಿನ ತಿಂಗಳು ಹುಟ್ಟುವುದರೊಳಗೆ ಉತ್ತರ ನನ್ನ ಕೈಯಲ್ಲಿರಬೇಕು, ತಿಳಿಯಿತೇ? ಬರದಿದ್ದರೆ ಈ ಕಾಲು ಎಳೆದುಕೊಂಡೇ ನಿನ್ನ ಬಾಗಿಲಿಗೆ ಬರುತ್ತೇನೆ.