ಕೊನೆಯ ಐದು ಸೆಕೆಂಡು

ಸಾಸ್ಸುವೋಲೊ
3 ಅಕ್ಟೋಬರ್ 1996

ನನ್ನ ಪ್ರೀತಿಯ ಲೋರಿ,

ನಿನ್ನ ಎರಡು ಪತ್ರಗಳಿಗೂ ಸೇರಿಸಿ ಇದೊಂದೇ ಉತ್ತರ. ಮನಸ್ಸಿನಲ್ಲಿ ನನ್ನನ್ನು ಬೈದುಕೊಂಡಿದ್ದರೆ ಅದು ನ್ಯಾಯವೇ. ಮೊದಲು ನಿನ್ನ ಸೋದರಮಾವನ ತೋಟದ ದ್ರಾಕ್ಷಿ ಕೊಯ್ಲು, ಆಮೇಲೆ ಹಳೆಯ ಕಾರುಗಳ ರ‍್ಯಾಲಿ, ಆಮೇಲೆ ಸುಮ್ಮನೆ ಸೋಮಾರಿತನ. ಫೋನು ಮಾಡಬಹುದಿತ್ತು. ಆದರೆ ಫೋನು ಇರುವುದು ನಿಮ್ಮಪ್ಪನ ಕುರ್ಚಿಯ ಪಕ್ಕದಲ್ಲಿ. ಹೇಳಬೇಕಾದದ್ದು ಅವರ ಮುಂದೆ ಹೇಳುವಂಥದ್ದಲ್ಲ.

ಈಸ್ಟರ್‌ಗೆ ಬಂದಾಗ ನೀನು ಕೇಳಿದ್ದು ಒಂದೇ: ಅಪ್ಪ ಇನ್ನು ಕಾರು ಓಡಿಸಬಾರದು. ನೀನು ನರ್ಸು, ನಿನಗೆ ಗೊತ್ತು. ಬಲಗಣ್ಣಿನ ನಡುವೆ ಬೆಳೆಯುತ್ತಿರುವ ಆ ಮಸುಕು ಕನ್ನಡಕಕ್ಕೆ ಬಗ್ಗುವುದಿಲ್ಲ ಎಂದು ನೀನು ಹೇಳಿದಾಗ ಅವರು ನಕ್ಕರು. ಊಟದ ಮೇಜಿನ ಮೇಲೆ ಬೆರಳು ಕುಟ್ಟಿ ಆಡಿದ ಮಾತು ನಿನಗೂ ನೆನಪಿರಬೇಕು: "ಗೆರೆ ಮೇಲೆ ಅರ್ಧ ಸೆಕೆಂಡು ತಪ್ಪಿದ ದಿನ ಕೀಲಿಕೈ ನಾನೇ ಕೊಡ್ತೀನಿ. ಅಲ್ಲೀವರೆಗೂ ನನ್ನ ಕಣ್ಣಿನ ಸುದ್ದಿ ಬೇಡ. ನನಗೆ ತೀರ್ಪು ಹೇಳೋದು ಗಡಿಯಾರ, ಡಾಕ್ಟ್ರಲ್ಲ."

ಹದಿನೆಂಟು ವರ್ಷದ ರ‍್ಯಾಲಿಗಳಲ್ಲಿ ವೇಗವಲ್ಲ, ಗೊತ್ತುಮಾಡಿದ ಸೆಕೆಂಡಿಗೆ ಸರಿಯಾಗಿ ಗೆರೆ ದಾಟುವುದೇ ಮುಖ್ಯ. ಅದರಲ್ಲಿ ಅವರು ಅತಿ ಹೆಚ್ಚು ತಪ್ಪಿದ್ದು ಸೆಕೆಂಡಿನ ಕಾಲು ಭಾಗ. ಅದೂ ಆಲಿಕಲ್ಲು ಬೀಳುತ್ತಿದ್ದ ದಿನ. ಹಾಗಾಗಿ ಆ ಮಾತು ಕೊಡುವುದು ಅವರಿಗೆ ಸುಲಭವಾಗಿತ್ತು.

ಜೂನ್‌ನಲ್ಲಿ ನಡೆದದ್ದನ್ನು ನಾನು ನಿನಗೆ ತಿಳಿಸಿರಲಿಲ್ಲ. ಫಿಯೊರಾನೊ ರಸ್ತೆಯಲ್ಲಿ ಸೈಕಲ್ಲಿನಲ್ಲಿ ಬರುತ್ತಿದ್ದ ಹೆಂಗಸೊಬ್ಬಳು ಅವರಿಗೆ ಕಂಡದ್ದು ನಮ್ಮನ್ನು ದಾಟಿಹೋದ ಮೇಲೆ. ನಾನು ಕೂಗಿದ್ದರಿಂದ ಸ್ಟೀರಿಂಗ್ ತಿರುಗಿಸಿದರು. "ಯಾಕೆ ಕಿರುಚ್ತೀಯ, ನಾನು ನೋಡಿದ್ದೆ" ಅಂದರು. ನೋಡಿರಲಿಲ್ಲ. ಅಂದಿನಿಂದ ಪಕ್ಕದಲ್ಲಿ ಕುಳಿತು ರಸ್ತೆಯನ್ನೆಲ್ಲ ಅವರಿಗೆ ಓದಿ ಹೇಳುವುದು ನನ್ನ ಕೆಲಸವಾಯಿತು.

ಇರಲಿ, ರ‍್ಯಾಲಿಯ ವಿಷಯ ಹೇಳುತ್ತೇನೆ, ಅದು ಚೆನ್ನಾಗಿತ್ತು. ಭಾನುವಾರ ಬೆಳಿಗ್ಗೆ ಚೌಕದಲ್ಲಿ ನಲವತ್ತೊಂದು ಕಾರು. ಹೊರಡುವ ಮೊದಲು ಎಲ್ಲರೂ ಒಟ್ಟಿಗೆ ವಾಚಿಗೆ ಕೀ ಕೊಡುವ ಆ ಹೊತ್ತು ನನಗೆ ಎಷ್ಟು ಇಷ್ಟವೆಂದು ನಿನಗೆ ಗೊತ್ತಲ್ಲ. ಎಂಜಿನ್‌ಗಳು ಇನ್ನೂ ಶುರುವಾಗಿರುವುದಿಲ್ಲ. ದೊಡ್ಡ ಕೈಗಳ ಗಂಡಸರು, ಲೇತ್ ಮೇಲೆ ಕಬ್ಬಿಣ ಕೊರೆದವರು, ಹೆಬ್ಬೆರಳು ತೋರುಬೆರಳಿನ ನಡುವೆ ಅಷ್ಟು ಸಣ್ಣ ತಿರುಪನ್ನು ಹಿಡಿದು, ಉಸಿರು ಬಿಗಿಹಿಡಿದು ತಿರುಗಿಸುತ್ತಾರೆ. ನಿಮ್ಮಪ್ಪ ತಮ್ಮ ವಾಚನ್ನು ಮಣಿಕಟ್ಟಿನ ಪಕ್ಕಕ್ಕೆ ಸರಿಸಿ ಕಟ್ಟಿಕೊಳ್ಳುತ್ತಾರೆ, ಸ್ಟೀರಿಂಗ್‌ನಿಂದ ಕೈ ಎತ್ತದೆ ನೋಡಲೆಂದು. ನಾನು ಪಕ್ಕದಲ್ಲಿರುವಾಗ ಅವರು ಅದನ್ನು ಒಮ್ಮೆಯೂ ನೋಡಿದವರಲ್ಲ. ಎಣಿಸುವುದು ನಾನು, ಕಾಲು ಅವರದು.

ಔಷಧದಂಗಡಿಯ ಒತ್ತಾವಿಯೊ ಹೊಸದೊಂದು ಸ್ವಿಸ್ ವಾಚು ಕಟ್ಟಿಕೊಂಡು, ಅದು ಕಾಣಲೆಂದು ತೋಳು ಮಡಚಿ ನಿಮ್ಮಪ್ಪನ ಹತ್ತಿರ ಬಂದ.

"ಏನ್ ಎರ್ಮೆಸ್, ನಿನ್ನ ಆಲ್ಫಾದಲ್ಲಿ ಇನ್ನೂ ಕೋಳಿಪುಕ್ಕ ಸಿಗುತ್ತಾ?"

ಕೋಳಿಗೂಡಾಗಿದ್ದ ಕಾರನ್ನು ತಂದು ನಾಲ್ಕು ವರ್ಷ ರಿಪೇರಿ ಮಾಡಿದ್ದನ್ನು ಅವನು ಪ್ರತಿವರ್ಷ ನೆನಪಿಸಬೇಕು.

"ಸಿಗುತ್ತೆ. ನಾಲ್ಕು ಕೊಡ್ಲಾ? ತಲೆ ಮೇಲೆ ಅಂಟಿಸ್ಕೊ, ಕೂದಲಿದ್ದ ಹಾಗಾದ್ರೂ ಕಾಣುತ್ತೆ."

ಈ ಸಲ ಬೊಲೋನ್ಯಾದಿಂದ ಹೊಸಬಳೊಬ್ಬಳು ಬಂದಿದ್ದಳು. ಹಲ್ಲಿನ ಡಾಕ್ಟರು, ಅಜ್ಜನ ಕಾರು, ಕೈಯಲ್ಲಿ ಬ್ಯಾಟರಿ ವಾಚು. ನಮ್ಮ ವಿಭಾಗದಲ್ಲಿ ಕೀ ಕೊಡುವ ಗಡಿಯಾರ ಮಾತ್ರ ನಡೆಯುತ್ತದೆ ಎಂದಾಗ ಮುಖ ಸಣ್ಣದು ಮಾಡಿದಳು. ಮಧ್ಯಾಹ್ನ ಟಿಜೆಲ್ಲೆ ರೊಟ್ಟಿ ತಿನ್ನುವಾಗ ಕೇಳಿಯೇಬಿಟ್ಟಳು: "ಬೇಜಾರಾಗ್ಬೇಡಿ, ನನ್ನ ವಾಚು ತಿಂಗಳಿಗೆ ಒಂದು ಸೆಕೆಂಡೂ ತಪ್ಪಲ್ಲ. ನಿಮ್ಮವು ದಿನಕ್ಕೇ ಹತ್ತು ತಪ್ತಾವೆ. ಯಾಕೆ ಈ ಹಠ?"

"ಹೆಂಡ್ತಿ ಮಾತು ಕೇಳಿಸದೇ ಇರ್ಲಿ ಅಂತ, ಟಿಕ್ ಟಿಕ್ ಅನ್ನುತ್ತಲ್ಲ" ಅಂದ ಒತ್ತಾವಿಯೊ.

ನಿಮ್ಮಪ್ಪ ಮಾತ್ರ ತಟ್ಟೆ ಸರಿಸಿ ಕರವಸ್ತ್ರ ಹಾಸಿದರು. ನನ್ನ ಒಂದು ಸ್ಟಾಪ್‌ವಾಚಿನ ಬೆನ್ನು ಬಿಚ್ಚಿ ಅವಳ ಮುಂದಿಟ್ಟರು. ಆಮೇಲೆ ಅವಳನ್ನು ಕರೆದುಕೊಂಡು ಹೋಗಿ ಆಲ್ಫಾದ ಬಾನೆಟ್ ಎತ್ತಿದರು. "ಎರಡನ್ನೂ ನೋಡು ಮಗಳೇ. ಯಾವುದು ಯಾವುದನ್ನ ತಿರುಗಿಸುತ್ತೆ ಅಂತ ಬೆರಳಿಟ್ಟು ತೋರಿಸಬಹುದು. ಎಣ್ಣೆ ಕಮ್ಮಿಯಾದ್ರೆ ಹೇಳುತ್ತೆ, ಚಳಿಯಾದ್ರೆ ಹೇಳುತ್ತೆ. ಇದನ್ನ ಒಬ್ಬ ಮನುಷ್ಯ ಕೂತು ಮಾಡಿದಾನೆ, ಇನ್ನೊಬ್ಬ ಕೂತು ಸರಿ ಮಾಡಬಹುದು. ಹತ್ತು ಸೆಕೆಂಡು ತಪ್ಪುತ್ತೆ ಅಂದ್ಯಲ್ಲ, ಯಾವ ಕಡೆ ತಪ್ಪುತ್ತೆ, ಯಾಕೆ ತಪ್ಪುತ್ತೆ ಅಂತ ಗೊತ್ತಿದ್ರೆ ಅದು ತಪ್ಪಲ್ಲ, ಅದರ ಸ್ವಭಾವ."

ಆ ಹುಡುಗಿ ಸ್ಟಾಪ್‌ವಾಚನ್ನು ಕಿವಿಗೆ ಹಿಡಿದು ತುಂಬಾ ಹೊತ್ತು ನಿಂತಿದ್ದಳು. ನಾನು ಮದುವೆಯಾದದ್ದು ಯಾರನ್ನು ಎಂದು ನನಗೆ ಇನ್ನೊಮ್ಮೆ ನೆನಪಾಯಿತು ಲೋರಿ. ಎಪ್ಪತ್ತನಾಲ್ಕು ವರ್ಷವಾದರೂ ಎಂಜಿನ್ ತೋರಿಸುವಾಗ ಆ ಕೈಗಳು ನಡುಗುವುದಿಲ್ಲ.

ಮಧ್ಯಾಹ್ನದವರೆಗೆ ಹದಿಮೂರು ಹೊತ್ತಿನ ಪರೀಕ್ಷೆ ಮುಗಿದು ನಾವು ಎರಡನೇ ಸ್ಥಾನದಲ್ಲಿದ್ದೆವು. ಸೆರ‍್ರಾಮಜ್ಜೋನಿಯ ತಿರುವುಗಳಲ್ಲಿ ಅವರು ಓಡಿಸಿದ ರೀತಿಯನ್ನು ನೀನು ನೋಡಬೇಕಿತ್ತು. ನಾನು "ಎಡಕ್ಕೆ ಟ್ರ್ಯಾಕ್ಟರು", "ಮುಂದೆ ನೀಲಿ ಕಾರು" ಅನ್ನುತ್ತಿದ್ದೆ, ಅವರು ಯಾವುದಕ್ಕೂ ಬೆಚ್ಚದೆ ಗೇರು ಬದಲಿಸುತ್ತಿದ್ದರು. ಹೊತ್ತು ಅಳೆಯಲು ಗೆರೆಯ ಮೇಲೆ ರಸ್ತೆಗೆ ಅಡ್ಡ ಹಾಸಿದ ರಬ್ಬರ್ ಕೊಳವೆಯ ಹತ್ತಿರ ಬಂದಾಗ ಕಾರು ಬೆಕ್ಕಿನ ಹಾಗೆ ತೆವಳುತ್ತದೆ. ನಾನು ಐದರಿಂದ ಕೆಳಗೆ ಎಣಿಸುತ್ತೇನೆ. ಸೊನ್ನೆ ಅಂದ ಕ್ಷಣ ಅವರ ಕಾಲು ಒತ್ತುತ್ತದೆ, ಮುಂಚಕ್ರ ಕೊಳವೆ ತುಳಿಯುತ್ತದೆ. ಹದಿಮೂರನೆಯದರಲ್ಲಿ ಸೆಕೆಂಡಿನ ನೂರರಲ್ಲಿ ಎರಡು ಭಾಗ ಮಾತ್ರ ತಪ್ಪಿದ್ದು. ಹೊತ್ತು ಬರೆದುಕೊಳ್ಳುವವರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಕೊನೆಯದು ಪಾವುಲ್ಲೋ ಚೌಕದಲ್ಲಿ, ಜನರ ಎದುರು. ಅಲ್ಲಿ ನೂರರಲ್ಲಿ ಅರವತ್ತೆರಡು ಭಾಗ. ಅರ್ಧ ಸೆಕೆಂಡು ದಾಟಿ ಇನ್ನೂ ಹನ್ನೆರಡು ಜಾಸ್ತಿ, ತಡವಾಗಿ.

ಫಲಕದಲ್ಲಿ ಅಂಕಿ ಬಂದಾಗ ಒತ್ತಾವಿಯೊನೇ ಎಲ್ಲರಿಗಿಂತ ಮೊದಲು ಓಡಿಬಂದ. "ಕೊಳವೆ ಕೆಟ್ಟಿದೆ ಎರ್ಮೆಸ್, ದೂರು ಕೊಡು, ನಾನು ಸಹಿ ಹಾಕ್ತೀನಿ" ಅಂದ. ಅವನ ಮೇಲೆ ನನಗಿದ್ದ ಕೋಪವೆಲ್ಲ ಅಲ್ಲಿಗೆ ಮುಗಿಯಿತು.

"ಕೊಳವೆಗೆ ನನ್ನ ಮೇಲೆ ಏನು ದ್ವೇಷ? ನಮಗಿಂತ ಮುಂಚೆ ಹೋದವರಿಗೆಲ್ಲ ಸರಿ ಬಂತಲ್ಲ" ಅಂದರು ನಿಮ್ಮಪ್ಪ. ಎಂಜಿನ್ ಆರಿಸಿ, ಇಳಿದು, ಸುತ್ತಿಬಂದು ನನ್ನ ಕಡೆಯ ಬಾಗಿಲು ತೆಗೆದರು. ಕೀಲಿಕೈಯನ್ನು ನನ್ನ ಅಂಗೈಯಲ್ಲಿಟ್ಟರು.

"ಮಾತು ಅಂದ್ರೆ ಮಾತು. ಮನೆಗೆ ನೀನೇ ಓಡಿಸು, ನಿವೆಸ್."

"ಇಲ್ಲಿಂದಲಾ? ಈ ಇಳಿಜಾರಲ್ಲಿ?"

"ಇಳಿಜಾರಿಗೆ ಹೆದರ್ಬೇಡ. ನನಗೆ ಹೆದರು, ಪಕ್ಕದಲ್ಲಿ ಕೂತಿರ್ತೀನಲ್ಲ."

ನನ್ನ ಜಾಗದಲ್ಲಿ ಕುಳಿತು ಸ್ಟಾಪ್‌ವಾಚುಗಳನ್ನು ತೊಡೆಯ ಮೇಲಿಟ್ಟುಕೊಂಡರು. ದಾರಿಯುದ್ದಕ್ಕೂ "ಕ್ಲಚ್ ಮೇಲೆ ಕಾಲು ಇಟ್ಕೊಂಡೇ ಇರ್ಬೇಡ ಕಣೇ, ಅದೇನು ಕಾಲ್ಮಣೆಯಾ?" ಎಂದು ಬೈದರು. ನಡುವೆ ಒಮ್ಮೆ, "ಚೆನ್ನಾಗಿ ಓಡಿಸ್ತೀಯ" ಅಂದರು. ಸೋಮವಾರ ಕಾರಿಗೆ ಬಟ್ಟೆ ಹೊದಿಸಿದರು. ಇವತ್ತಿನವರೆಗೂ ಒಮ್ಮೆಯೂ ಗೊಣಗಿಲ್ಲ. ಅಂಥ ಮನುಷ್ಯ ಅವರು.

ಹಾಗಾಗಿ ನೀನು ನೆಮ್ಮದಿಯಿಂದಿರು, ನೀನು ಕೇಳಿದ್ದು ಆಗಿದೆ. ರಾತ್ರಿ ಪಾಳಿಯ ಮೇಲೆ ಪಾಳಿ ಹಾಕಿಸಿಕೊಳ್ಳಬೇಡ. ತೊರಿನೊದ ಚಳಿ ನಮ್ಮದರಂತಲ್ಲ, ಮಗುವಿಗೆ ಉಣ್ಣೆಯ ಒಳಂಗಿ ಈಗಲೇ ತೆಗೆ. ಅವನ ಎರಡೂ ಕೆನ್ನೆಗೆ ಅಜ್ಜಿಯ ಮುತ್ತು. ನೀವೆಲ್ಲ ಚೆನ್ನಾಗಿರಿ, ಮನೆ ತುಂಬಾ ನಗುತ್ತಿರಿ.

ನಿನ್ನ ಅಮ್ಮ
ನಿವೆಸ್

ಬರೆಯದೆ ಬಿಟ್ಟದ್ದು:

ಲಕೋಟೆಗೆ ಅಂಟು ಹಚ್ಚಿದ್ದವಳು ಮತ್ತೆ ಬಿಚ್ಚಿ ಇದನ್ನು ಸೇರಿಸುತ್ತಿದ್ದೇನೆ. ತಪ್ಪಿದ್ದು ಅವರ ಕಾಲಲ್ಲ. ನಮ್ಮ ಸ್ಟಾಪ್‌ವಾಚು ಸೆಕೆಂಡಿಗೆ ಐದು ಸಲ ಟಿಕ್ ಅನ್ನುತ್ತದೆ. ಇಪ್ಪತ್ತಾರು ವರ್ಷ ಕಾರ್ಖಾನೆಯಲ್ಲಿ ಹೆಂಚು ಸುಡುವ ಗೂಡುಗಳ ಹೊತ್ತು ನೋಡಿದವಳು ನಾನು, ಆ ಟಿಕ್‌ಗಳು ನನಗೆ ಒಂದೊಂದಾಗಿ ಕೇಳಿಸುತ್ತವೆ. ಪಾವುಲ್ಲೋದಲ್ಲಿ "ಒಂದು" ಅಂದ ಮೇಲೆ ಐದು ಟಿಕ್ ಬಿಟ್ಟು ಸೊನ್ನೆ ಅನ್ನಬೇಕಿತ್ತು, ಎಂಟು ಬಿಟ್ಟೆ. ಆ ಸೈಕಲ್ಲಿನ ಹೆಂಗಸಿನ ನೆನಪಿನಲ್ಲಿ ಬಿಟ್ಟೆ. ಅವರು ನನ್ನ ಸೊನ್ನೆಗೇ ಸರಿಯಾಗಿ ಒತ್ತಿದರು, ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ತಪ್ಪು ಕಣ್ಣಿನದೆಂದು ಅವರು ಒಪ್ಪಿಕೊಂಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಆದರೆ ಅವರು ಅನುಮಾನಪಟ್ಟದ್ದು ಕಾಲನ್ನು. ಸೋಮವಾರದಿಂದ ಬಲಮೊಣಕಾಲಿಗೆ ಕರ್ಪೂರದೆಣ್ಣೆ ತಿಕ್ಕುತ್ತಿದ್ದಾರೆ. ನಿನ್ನ ಮಗ ಬೇಸಿಗೆಯಲ್ಲಿ ಬಿಟ್ಟುಹೋದ ರಬ್ಬರ್ ಬಾತುಕೋಳಿಯನ್ನು ಅಡುಗೆಮನೆಯ ನೆಲದಲ್ಲಿಟ್ಟು, "ಎಣಿಸು ನಿವೆಸ್" ಅನ್ನುತ್ತಾರೆ. ನಾನು ಎಣಿಸುತ್ತೇನೆ. ಸೊನ್ನೆಗೆ ಸರಿಯಾಗಿ ಬಾತುಕೋಳಿ ಕೀಂಯ್ ಅನ್ನುತ್ತದೆ. ಪ್ರತಿ ಸಲವೂ. "ಇಲ್ಲಿ ಸರಿಯಾಗಿ ಬರುತ್ತೆ, ಅಲ್ಲಿ ಏನಾಯ್ತು ಹಾಳಾದ್ದಕ್ಕೆ?" ಎಂದು ಕಾಲನ್ನು ಬೈಯುತ್ತಾರೆ.

ಇವತ್ತು ಬೆಳಿಗ್ಗೆ, "ಪಾವುಲ್ಲೋದಲ್ಲಿ ಎಣಿಸಿದ ಹಾಗೇ ಒಂದ್ಸಲ ಎಣಿಸು" ಅಂದರು. ಯಾವ ಅರ್ಥದಲ್ಲಿ ಅಂದರೋ ಮುಖ ನೋಡಿದರೆ ತಿಳಿಯಲಿಲ್ಲ. ನನಗೆ ಎರಡು ದಾರಿಯಿತ್ತು. ಎಂಟು ಟಿಕ್ ಬಿಟ್ಟೆ, ಲೋರಿ. ಬಾತುಕೋಳಿ ನನ್ನ ಸೊನ್ನೆಗೇ ಕೂಗಿತು. ಅವರ ಕಣ್ಣು ಮಾತ್ರ ಆ ಹೊತ್ತು ಮಣಿಕಟ್ಟಿನ ವಾಚಿನ ಮೇಲಿತ್ತು.

ಬಾತುಕೋಳಿಯನ್ನು ಎತ್ತಿ ಮೇಜಿನ ಮೇಲಿಟ್ಟರು. ಆಮೇಲೆ, "ಹಾಗಾದ್ರೆ ಕಾಲಿಗೇನೂ ಆಗಿಲ್ಲ" ಅಂದರು. ಬೇರೇನೂ ಕೇಳಲಿಲ್ಲ. ಕೇಳಿದ್ದರೆ ಎಲ್ಲವನ್ನೂ ಹೇಳಿಬಿಡುತ್ತಿದ್ದೆ.